ರಸ್ತೆಯನ್ನು ಅಡ್ಡಕ್ಕೆ ನೋಡಿದವರು

ನಮ್ಮ ಮೇಡಂ ಅವರ ಎಡಗೈ ಬಲಗೈಗಿಂತ ಕಪ್ಪಗಿತ್ತು. ಮೊಣಕೈಯಿಂದ ಬಳೆಯವರೆಗೆ ಬಿಸಿಲಿಗೆ ಸುಟ್ಟು, ಬೇರೆ ಯಾರದೋ ಕೈಯನ್ನು ತಂದು ಜೋಡಿಸಿದ ಹಾಗೆ ಕಾಣುತ್ತಿತ್ತು. ಕಾರಣ ಇಷ್ಟೇ. ಇಲಾಖೆಯ ಜೀಪಿನಲ್ಲಿ ಡ್ರೈವರ್ ಪಕ್ಕದ ಸೀಟು ಅವರದು, ಆ ಕೈ ಸದಾ ಕಿಟಕಿಯ ಹೊರಗೆ. ದಾರಿಯಲ್ಲಿ ಏನಾದರೂ ಕಂಡರೆ ಬಾಗಿಲ ತಗಡಿಗೆ ಡಬಡಬ ಬಡಿಯುವರು. ಡ್ರೈವರ್ ಬ್ರೇಕ್ ಒತ್ತುವಷ್ಟರಲ್ಲಿ ಅವರ ಒಂದು ಕಾಲು ನೆಲ ಮುಟ್ಟಿರುತ್ತಿತ್ತು.

ನಾನು ನಗರ ಯೋಜನೆಯ ಕಚೇರಿಗೆ ಸಹಾಯಕಿಯಾಗಿ ಸೇರಿದಾಗ ಅಲ್ಲಿಗೆ ಅವರೇ ದೊಡ್ಡವರು. ಹುಟ್ಟೂರು ಜಗಳೂರು. ಎಷ್ಟು ಓದಿದ್ದರೂ ಮಾತು ಮಾತ್ರ ಊರಿನದೇ. ಮೊದಲ ದಿನ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, “ಹೊನ್ನಾಳಿಯವಳಾ? ಹೊನ್ನಾಳಿ ಹೊಡೆತ ಅಂತಾರಲ್ಲ, ನೋಡಾಣ ನಡಿ” ಎಂದರು. ಅವತ್ತಿನಿಂದ ನನ್ನ ಹೆಸರು ಮರೆತೇ ಹೋಯಿತು. ಕಚೇರಿಗೆಲ್ಲ ನಾನು ‘ಹೊನ್ನಾಳಿ’.

ಅದೇ ದಿನ ಚನ್ನಗಿರಿಗೆ ಕರೆದುಕೊಂಡು ಹೋದರು. ಬಸ್ ನಿಲ್ದಾಣದ ಹತ್ತಿರ ಇಳಿದು, ಈ ರಸ್ತೆ ಹೆಂಗೈತೆ ನೋಡಿ ಹೇಳು ಎಂದರು. ನಾನು ಕಾಲೇಜಿನಲ್ಲಿ ಕಲಿತ ಹಾಗೆ ಟೇಪು ಬಿಚ್ಚಿ, ಉದ್ದಕ್ಕೂ ನಡೆದು, ಅಗಲ ಎಷ್ಟು, ತಿರುವು ಎಷ್ಟು ಎಂದು ಒಪ್ಪಿಸಿದೆ. ಅವರು ತರಕಾರಿ ತುಂಬಿದ ಸಂತೆಚೀಲ ಒಂದನ್ನು ನನ್ನ ಕೈಗೆ ಕೊಟ್ಟು, “ಈಗ ದಾಟು” ಎಂದರು. ದಾಟಿದೆ ಅನ್ನುವುದಕ್ಕಿಂತ ಬದುಕಿದೆ ಅನ್ನಬೇಕು! ಒಂದು ಕಡೆಯಿಂದ ಲಾರಿ, ಇನ್ನೊಂದು ಕಡೆಯಿಂದ ಮೂವರನ್ನು ಹೊತ್ತ ಬೈಕು, ನಡುವೆ ನಾನು, ನನ್ನ ಕೈಯಲ್ಲಿ ಅವರ ಬದನೆಕಾಯಿ. ಆಚೆ ದಡ ಸೇರಿ ಏದುಸಿರು ಬಿಡುತ್ತಿದ್ದವಳಿಗೆ ಅಲ್ಲಿಂದಲೇ ಕೂಗಿ ಹೇಳಿದರು: “ರಸ್ತೆನ ಉದ್ದಕ್ಕೆ ನೋಡೋರು ಬಾಳ ಜನ ಇದಾರೆ ಕಣಮ್ಮಾ. ಗಾಡಿಯೋರು ನೋಡ್ತಾರೆ, ಕಂಟ್ರಾಕ್ಟರ್ ನೋಡ್ತಾನೆ. ನೀನು ಅಡ್ಡಕ್ಕೆ ನೋಡು!”

ಅವರ ಮೇಜಿನ ಮೇಲೆ ಮಂಡಕ್ಕಿ ಮೆಣಸಿನಕಾಯಿ ಇಲ್ಲದ ಸಂಜೆ ನನಗೆ ನೆನಪಿಲ್ಲ. ಊರು ಮುಂದೆ ಹೇಗೆ ಬೆಳೆಯಬೇಕೆಂದು ಬರೆದಿಟ್ಟ ಮಹಾಯೋಜನೆಯ ನಕ್ಷೆ ಹರಡಿಕೊಂಡೇ ತಿನ್ನುವರು. ನ್ಯಾಮತಿಯ ನಕ್ಷೆಯ ಒಂದು ಮೂಲೆಗೆ ಎಣ್ಣೆ ಮೆತ್ತಿ, ಅಲ್ಲಿದ್ದ ಒಂದು ಬಡಾವಣೆ ಕಾಣದೇ ಹೋಗಿತ್ತು. ನಾವು ಮುಸಿಮುಸಿ ನಕ್ಕರೆ, “ನಗ್ರಿ ನಗ್ರಿ, ಎಣ್ಣೆ ಒರೆಸಬೋದು. ಕೆರೆ ಮ್ಯಾಲೆ ಸೈಟು ಮಾಡಿದ್ರೆ ಒರೆಸಾಕೆ ಬರ್ತೈತಾ?” ಎನ್ನುವರು. ನಕ್ಷೆಯನ್ನು ಅವರು ನಕ್ಷೆ ಎಂದು ಕರೆಯುತ್ತಲೇ ಇರಲಿಲ್ಲ. “ಇದು ಊರಿಗೆ ಕೊಟ್ಟ ಮಾತು” ಎನ್ನುತ್ತಿದ್ದರು. ಕೊಟ್ಟ ಮಾತು ಮುರಿಯಬಾರದೆಂದಲ್ಲ, ಮುರಿಯುವುದಾದರೆ ಎಲ್ಲರೆದುರು ಕಾರಣ ಹೇಳಿ ಮುರಿಯಬೇಕು ಎಂಬುದು ಅವರ ವಾದ.

ಹೀಗಿರುವಾಗ ಬಂತು ನೋಡಿ, ಹೊನ್ನಾಳಿಯ ನಾಲ್ಕು ಪಥದ ರಸ್ತೆಯ ಫೈಲು. ಊರನ್ನು ಬಳಸಿಕೊಂಡು, ಹೊಳೆಯ ಕಡೆಯ ತಗ್ಗಿನ ಗದ್ದೆಗಳ ನಡುವೆ, ಎತ್ತರದ ಮಣ್ಣಿನ ಏರಿಯ ಮೇಲೆ ಹೋಗುವ ರಸ್ತೆ. ಮಹಾಯೋಜನೆಯಲ್ಲಿ ಆ ತಗ್ಗು ಹಸಿರು ಬಣ್ಣದ್ದು, ಅಂದರೆ ಅಲ್ಲಿ ಏನೂ ಕಟ್ಟುವಂತಿಲ್ಲ. ಮಳೆಗಾಲದಲ್ಲಿ ತುಂಗಭದ್ರೆ ಉಕ್ಕಿದಾಗ ನೀರು ಹೋಗಿ ಹರಡಿಕೊಳ್ಳುವ ಜಾಗ ಅದು. ಆದರೆ ನಿಯಮದಲ್ಲಿ ಒಂದು ಸಂದು ಇತ್ತು. ಊರಿಗೆ ತೀರಾ ಅಗತ್ಯವಿದ್ದು, ಬೇರೆ ದಾರಿಯೇ ಇಲ್ಲವೆಂದಾದರೆ ಒಪ್ಪಿಗೆ ಕೊಡಬಹುದು. ಯೋಜನೆ ತಯಾರಿಸಿದ ಕಂಪನಿಯವರು ಊರ ಬಾಗಿಲಲ್ಲಿ ನಿಂತು ವಾಹನಗಳನ್ನು ಎಣಿಸಿ, ಅವುಗಳ ವೇಗ ಅಳೆದು, ಈಗಿರುವ ರಸ್ತೆ ಉಸಿರುಗಟ್ಟಿ ಸಾಯುತ್ತಿದೆ ಎಂದು ದಪ್ಪ ವರದಿ ಬರೆದಿದ್ದರು. ಆ ಅಗತ್ಯ ನಿಜವೇ, ಈ ರಸ್ತೆ ಮಹಾಯೋಜನೆಗೂ ಪರಿಸರದ ನಿಯಮಗಳಿಗೂ ಒಪ್ಪುತ್ತದೆಯೇ ಎಂದು ಅಭಿಪ್ರಾಯ ಕೊಡಬೇಕಾದವರು ನಮ್ಮ ಮೇಡಂ.

ನಕ್ಷೆಯಲ್ಲಿ ಆ ರಸ್ತೆಯ ಗೆರೆಯ ಮೇಲೆ ಬೆರಳಿಟ್ಟುಕೊಂಡು ಹೋದೆ. ಆ ಏರಿಗೂ ಹೊಳೆಗೂ ನಡುವೆ ಸಿಕ್ಕಿಕೊಳ್ಳುವ ಬೀದಿಯಲ್ಲೇ ನಮ್ಮ ಮನೆ! ಪ್ರತಿ ಮಳೆಗಾಲ ನೀರು ನಮ್ಮ ಹೊಸ್ತಿಲವರೆಗೆ ಬಂದು, ಬಗ್ಗಿ ನೋಡಿದ ಹಾಗೆ ಮಾಡಿ, ಗದ್ದೆಗಳ ಕಡೆಗೆ ಹೊರಳಿಕೊಳ್ಳುತ್ತದೆ. ಗದ್ದೆಗೆ ಅಡ್ಡ ಏರಿ ಹಾಕಿದರೆ ಅದು ಎಲ್ಲಿಗೆ ಹೋಗಬೇಕು? ನಮ್ಮ ಅವ್ವನ ಅಡುಗೆಮನೆಗೆ! ನಾನು ಮೇಡಂ ಕೋಣೆಗೆ ನುಗ್ಗಿ, ಕೈಬಾಯಿ ತಿರುಗಿಸಿಕೊಂಡು ಎಲ್ಲವನ್ನೂ ಹೇಳಿದೆ. ಅವರು ತಾಳ್ಮೆಯಿಂದ ಕೇಳಿ, ನನ್ನ ಕೈಯಲ್ಲಿದ್ದ ಫೈಲನ್ನು ಮೆಲ್ಲಗೆ ಬಿಡಿಸಿಕೊಂಡರು.

“ನಿನ್ನ ಮನೆ ಅಲ್ಲೈತಲ್ಲಾ, ಇನ್ನು ಈ ಫೈಲು ನೀನು ಮುಟ್ಟಂಗಿಲ್ಲ.”

“ಮೇಡಂ, ನನಗಿಂತ ಚೆನ್ನಾಗಿ ಆ ಜಾಗ ಗೊತ್ತಿರೋರು ಯಾರಿದಾರೆ?”

“ಅದಕ್ಕೇ ಮುಟ್ಟಬ್ಯಾಡ ಅಂದಿದ್ದು. ಮುಂದೆ ಊರಾಗೆ ಅಹವಾಲು ಸಭೆ ಆಗ್ತೈತೆ. ಅವತ್ತು ರಜಾ ಹಾಕಿ ಊರಿನವಳಾಗಿ ಬಾ.”

ಮೈಯೆಲ್ಲ ಉರಿಯಿತು. ಉಪಕಾರ ಬೇಡ, ಕನಿಷ್ಠ ಕನಿಕರವೂ ಬೇಡವೇ? ಆ ವಾರವಿಡೀ ಅವರ ಮಂಡಕ್ಕಿಗೆ ನಾನು ಕೈ ಹಾಕಲಿಲ್ಲ. ಅವರು ಪೊಟ್ಟಣವನ್ನು ಬೇಕೆಂದೇ ನನ್ನ ಕಡೆಗೆ ತಳ್ಳುವರು, ನಾನು ಮುಖ ತಿರುಗಿಸುವೆ.

ಒಂದು ಭಾನುವಾರ, ಸುಡು ಬೇಸಿಗೆ. ಅವ್ವನೂ ನಾನೂ ಹೊಲದಿಂದ ಬರುತ್ತಿದ್ದಾಗ, ಶಿವಮೊಗ್ಗ ಕಡೆಯಿಂದ ಊರಿಗೆ ಬರುವ ರಸ್ತೆಯಲ್ಲಿ ಮೇಡಂ ಕಂಡರು. ತಲೆಯ ಮೇಲೆ ಸೆರಗು ಹೊದ್ದು, ರಸ್ತೆಯನ್ನು ಈ ಕಡೆಯಿಂದ ಆ ಕಡೆಗೆ, ಆ ಕಡೆಯಿಂದ ಈ ಕಡೆಗೆ ದಾಟುತ್ತಿದ್ದರು. ಒಂದು ಬಸ್ಸು ಬಂತು, ಹೋಯಿತು. ಆಮೇಲೆ ಒಂದು ಎಮ್ಮೆ ಬಂತು, ಅದೂ ಆರಾಮಾಗಿ ಹೋಯಿತು. ನಾನು ಫೈಲಿನ ಸುದ್ದಿ ಆಡುವ ಹಾಗಿಲ್ಲವಲ್ಲ, ಬಾಯಿ ಬಿಗಿ ಹಿಡಿದು ನಿಂತೆ. ಮೇಡಂ ಅವ್ವನ ಕಡೆ ತಿರುಗಿದರು.

“ಅವ್ವಾ, ಇಲ್ಲಿ ಗಾಡಿ ಸಾಲುಗಟ್ಟಿ ನಿಂತಿರ್ತಾವಂತೆ. ಎಲ್ರೀ?”

ಅವ್ವ ನಕ್ಕುಬಿಟ್ಟಳು. “ಈಗೆಲ್ಲಿ ಬರ್ತಾವ್ರೀ ಯವ್ವಾ? ದೀಪಾವಳಿ ಆದ್ಮೇಲೆ ಜೋಳದ ಕಾಲದಾಗೆ ಬರ್ರಿ, ತೋರಿಸ್ತೀನಿ. ಅರ್ಧ ರಸ್ತೆ ಮೆಕ್ಕೆಜೋಳ ಒಣಗಾಕಿರ್ತೀವಿ, ಸುತ್ತ ಕಲ್ಲು ಇಟ್ಟಿರ್ತೀವಿ. ಉಳಿದರ್ಧದಾಗೆ ಬಸ್ಸು, ಲಾರಿ ಎಲ್ಲಾ ಗುದ್ದಾಡ್ಕೊಂಡು ಹೋಗ್ತಾವೆ.”

ಮೇಡಂ ರಸ್ತೆಬದಿ ನಿಲ್ಲಿಸಿದ್ದ ಜೀಪಿನ ಬಾನೆಟ್ಟಿಗೆ ಪಟಾರನೆ ಹೊಡೆದರು, ಅದು ಕಾದ ಹಂಚಿನಂತಿತ್ತು, “ಅಯ್ಯಯ್ಯಪ್ಪಾ!” ಎಂದು ಕೈ ಒದರುತ್ತಲೇ ನಗಲು ಶುರು ಮಾಡಿದರು. “ಅವರು ಎಣಿಸಿದ್ದೂ ದೀಪಾವಳಿ ಆದ್ಮೇಲೇ ಕಣ್ರವ್ವಾ! ಟ್ರಾಫಿಕ್ ಅಲ್ಲ ಅದು, ಜೋಳ! ಜೋಳಕ್ಕೆ ನಾಕು ಪಥದ ರಸ್ತೆ ಮಾಡಾಕೆ ಹೊಂಟಿದಾರೆ!” ನನಗೂ ರೋಮಾಂಚನ. ವರ್ಷವರ್ಷವೂ ಆ ಜೋಳದ ಪಕ್ಕದಲ್ಲೇ ಬಸ್ಸಿನಲ್ಲಿ ಸಿಕ್ಕಿಕೊಂಡು ಬೈದುಕೊಂಡವಳು ನಾನು. ನನಗೇ ಹೊಳೆದಿರಲಿಲ್ಲ. ಜೋಳದ ಕಾಲದಲ್ಲಿ ರಸ್ತೆ ಅಂದರೆ ಹಾಗೇ ಇರುತ್ತದೆ ಎಂದು ನಾವೆಲ್ಲ ನಂಬಿಬಿಟ್ಟಿದ್ದೆವು.

ಸಭೆ ನಡೆದದ್ದು ಒಂದು ಕಲ್ಯಾಣಮಂಟಪದಲ್ಲಿ. ಅಬ್ಬಾ, ಏನು ಜನ! ರಸ್ತೆ ಬಂದರೆ ಊರು ಬೆಳೆಯುತ್ತದೆ ಎನ್ನುವವರು ಒಂದು ಕಡೆ, ನಮ್ಮ ತಗ್ಗಿನ ಬೀದಿಯವರು ಇನ್ನೊಂದು ಕಡೆ, ಎರಡು ಬೀಗರ ಕಡೆಯವರ ಹಾಗೆ ಕೂತಿದ್ದೆವು. ಮೇಲಿನ ಸಾಹೇಬರು ವೇದಿಕೆಯ ನಡುವೆ ಇದ್ದರು. ಮೇಡಂ ಎದ್ದು ನಿಂತು ಜೋಳದ ಸಂಗತಿ ಹೇಳಿದರು. ಒಬ್ಬ ಅಡಿಕೆ ವ್ಯಾಪಾರಿ ಎದ್ದು, “ಮೇಡಮ್ಮೋರೇ, ನಿಮಗೆ ಅಭಿವೃದ್ಧಿ ಬ್ಯಾಡವೇನ್ರೀ?” ಎಂದ. “ರಸ್ತೆ ಬೇಕು ಯಜಮಾನ್ರೆ, ರಸ್ತೆಗೆ ಕಾರಣಾನೂ ಬೇಕು” ಎಂದರು ಮೇಡಂ.

ಆಗ ಕಂಪನಿಯವನು ಶಾಂತವಾಗಿ ಒಂದು ಮಾತು ಹೇಳಿದ. ರಸ್ತೆಯ ಮೇಲೆ ಧಾನ್ಯ ಒಣಗಿಸುವುದು ಕಾನೂನಿಗೆ ವಿರುದ್ಧ. ಹಾಗೆ ಒಣಗಿಸಿದ್ದಕ್ಕೆ ದಾಖಲೆ ಎಲ್ಲಿದೆ? ಸಭೆಯಲ್ಲಿ ಅಂಥವರು ಯಾರಾದರೂ ಇದ್ದಾರೆಯೇ?

ಮೇಡಂ ನಮ್ಮ ಕಡೆ ನೋಡಿದರು. ಮುಂದಿನ ಸಾಲಿನಲ್ಲಿದ್ದ ಹಿರಿಯ ರೈತರೊಬ್ಬರನ್ನು, ನಿಮ್ಮ ಜೋಳ ಎಲ್ಲಿ ಒಣಗಿಸಿದ್ರಿ ಎಂದು ಕೇಳಿದರು. ಅವರು ಗಲ್ಲ ಬಡಿದುಕೊಂಡು, “ಶಿವ ಶಿವಾ! ರಸ್ತೆ ಮ್ಯಾಲೆ ಯಾರು ಹಾಕ್ತಾರ್ರೀ? ಕಾನೂನು ಐತಲ್ರೀ” ಎಂದರು. ಅವರದೇ ರಾಶಿ ಎಲ್ಲರದಕ್ಕಿಂತ ಉದ್ದ! ಪಕ್ಕದವರು, ನಾನಂತೂ ಹಾಕಿಲ್ಲ ಎಂದರು. ಅವರ ಪಕ್ಕದವರು ತಮಗೆ ಜೋಳವೇ ಇಲ್ಲ ಎಂದುಬಿಟ್ಟರು. ಕೇಸು, ದಂಡ ಎಂಬ ಹೆದರಿಕೆಗೆ ಊರಿಗೆ ಊರೇ ಸಾಚಾ ಆಗಿ ಕೂತಿತು. ಕಂಪನಿಯವನು ತನ್ನ ಕಾಗದ ಜೋಡಿಸಿಕೊಳ್ಳಲು ಶುರು ಮಾಡಿದ. ನಮ್ಮ ಅಡುಗೆಮನೆ ನನ್ನ ಕಣ್ಣೆದುರೇ ಮುಳುಗುತ್ತಿತ್ತು.

ನನಗೆ ತಡೆಯಲಾಗಲಿಲ್ಲ. ಎದ್ದು ನಿಂತು, “ನಾವು ಹಾಕಿದೀವಿ!” ಎಂದು ಕೂಗಿದೆ.

ಮೇಡಂ ಮುಖದಲ್ಲಿ ನಗೆಯ ಸುಳಿವೂ ಇರಲಿಲ್ಲ. “ನೀವು ಸರ್ಕಾರಿ ನೌಕರರು. ಯೋಚನೆ ಮಾಡಿ ಮಾತಾಡ್ರಿ. ಇದು ದಾಖಲಾಗ್ತೈತೆ.” ಮೊದಲ ಸಲ ನನಗೆ ಬಹುವಚನ ಹಚ್ಚಿದ್ದರು.

“ದಾಖಲಾಗ್ಲಿ ಮೇಡಂ! ನಮ್ಮ ಮನೆ ಜೋಳ ಆ ರಸ್ತೆ ಮೇಲೇ ಒಣಗಿದ್ದು.”

ಅವ್ವ ನನ್ನ ಸೆರಗು ಜಗ್ಗಿ, “ಕುಂತ್ಕಳೇ, ಕೆಲಸ ಹೋಗ್ತೈತೆ” ಎಂದು ಗುಸುಗುಟ್ಟಿದಳು. ನಾನು ಕೂರಲಿಲ್ಲ. ಆಗ ತಾನೇ ಎದ್ದಳು. “ಇವಳೆಲ್ಲಿ ಹಾಕ್ತಾಳ್ರೀ? ಇವಳಿಗೆ ಜೋಳ ಹರಡಾಕೂ ಬರಲ್ಲ. ಹಾಕಿದಾಕಿ ನಾನು. ಬರ್ಕಳ್ರಿ ನನ್ನ ಹೆಸರು!”

ಮಂಟಪ ಘೊಳ್ಳೆಂದು ನಕ್ಕಿತು. ಆ ನಗು ಇಳಿಯುವುದರೊಳಗೆ ಮುಂದಿನ ಸಾಲಿನ ಹಿರಿಯರು ಟವೆಲ್ ಕೊಡವಿ ಎದ್ದು, “ನಂದೂ ಬರ್ಕಳ್ರಿ, ಹೆಣ್ಮಕ್ಳು ಹೇಳಿದ್ಮೇಲೆ ನಾನು ಸುಮ್ಕಿರಾಕೆ ಆಗ್ತೈತಾ?” ಎಂದರು. ಆಮೇಲೆ ತಡೆಯುವವರೇ ಇಲ್ಲ. ಒಬ್ಬರ ಮೇಲೊಬ್ಬರು ಎದ್ದರು, ನಂದು ನಿಂದಕ್ಕಿಂತ ಉದ್ದ ಎಂದು ಪೈಪೋಟಿಯೇ ಶುರುವಾಯಿತು! ಆ ರಸ್ತೆಯಲ್ಲಿ ಪಂಕ್ಚರ್ ಅಂಗಡಿ ಇಟ್ಟಿದ್ದ ಸಾಬರು ಕುರ್ಚಿ ಹತ್ತಿ, “ನನ್ ಅಂಗ್ಡಿ ಮುಂದೇನೇ ಹಾಕ್ತಾರೆ ಸಾಹೇಬ್ರೇ, ಗಿರಾಕಿ ಗಾಡಿ ನಿಲ್ಸಾಕೆ ಜಾಗ ಇರಲ್ಲ, ಖುದ್ದು ನೋಡಿದೀನಿ” ಎಂದರು. ಅಡಿಕೆ ವ್ಯಾಪಾರಿಯೂ ನಗುತ್ತ ಕೂತುಬಿಟ್ಟ. ನನ್ನ ಜನದ ಮೇಲೆ ಅವತ್ತಿನಷ್ಟು ಪ್ರೀತಿ ನನಗೆ ಇನ್ಯಾವತ್ತೂ ಉಕ್ಕಿಲ್ಲ.

ಮರುದಿನ ಕುಣಿಯುತ್ತ ಕಚೇರಿಗೆ ಹೋದರೆ, ನನ್ನ ಮೇಜಿನ ಮೇಲೆ ನೋಟಿಸ್! ಸಾರ್ವಜನಿಕ ರಸ್ತೆಯಲ್ಲಿ ಧಾನ್ಯ ಒಣಗಿಸಿದ್ದಕ್ಕೆ ಸಮಜಾಯಿಷಿ ಕೊಡತಕ್ಕದ್ದು. ಕೆಳಗೆ ಮೇಡಂ ಸಹಿ. ಅದನ್ನು ಹಿಡಿದು ಅವರ ಮುಂದೆ ಕುಕ್ಕಿದೆ. ಕಣ್ಣಲ್ಲಿ ನೀರೇ ಬಂದಿತ್ತು.

“ಕುಂತ್ಕ” ಎಂದರು. “ನಾನು ನೋಟಿಸ್ ಕೊಡದಿದ್ರೆ, ತನ್ನ ಆಫೀಸಿನ ಹುಡುಗೀನೇ ಎಬ್ಬಿಸಿ ಹೇಳಿಸಿದ್ಲು ಅಂತಾರೆ. ನಿನ್ನ ಮಾತು ಪುಕ್ಕಟೆ ಆಗಬಾರ್ದು ಕಣಮ್ಮಾ. ಸುಳ್ಳು ಹೇಳಿ ಯಾರೂ ನೋಟಿಸ್ ತಗಳ್ಳಲ್ಲ.”

ಆಮೇಲೆ ಮಂಡಕ್ಕಿಯ ಪೊಟ್ಟಣ ನನ್ನ ಕಡೆ ತಳ್ಳಿದರು. ಈ ಸಲ ಮುಖ ತಿರುಗಿಸಲಿಲ್ಲ, ಖಾರಕ್ಕೋ ಸಂತೋಷಕ್ಕೋ ಮೂಗು ಒರೆಸಿಕೊಳ್ಳುತ್ತ ತಿಂದೆ.

ಅವರ ಅಭಿಪ್ರಾಯ ನೇರವಾಗಿತ್ತು. ಜೋಳವಿಲ್ಲದಾಗ ಒಮ್ಮೆ, ಇದ್ದಾಗ ಒಮ್ಮೆ, ಎರಡೂ ಕಾಲದಲ್ಲಿ ಎಣಿಸಿ. ಅಲ್ಲಿಯವರೆಗೆ ಹಸಿರು ಜಾಗ ಮುಟ್ಟಬೇಡಿ. ಊರ ಸುತ್ತ ಧಾನ್ಯ ಒಣಗಿಸಲು ಕಣ ಕಟ್ಟಿಕೊಡಿ. ಎಣಿಸಿದರು. ಏರಿಯ ರಸ್ತೆಗೆ ಕಾರಣವೇ ಉಳಿಯಲಿಲ್ಲ, ಯೋಜನೆ ಬಿದ್ದುಹೋಯಿತು. ಕಣಗಳು ಇನ್ನೂ ಪೂರ್ತಿ ಆಗಿಲ್ಲ, ಅದಕ್ಕಾಗಿ ನಾನು ಇವತ್ತಿಗೂ ಜಗಳಾಡುತ್ತಿದ್ದೇನೆ. ನನ್ನ ಸಮಜಾಯಿಷಿ ಮೇಲೆ, ಮತ್ತೆ ಹೀಗೆ ಮಾಡಬಾರದು ಎಂದು ಎಚ್ಚರಿಕೆ ಬರೆದು ಮುಗಿಸಿದರು. ನನ್ನ ಸೇವಾ ಪುಸ್ತಕದಲ್ಲಿ ಅದೊಂದೇ ಕಪ್ಪು ಗೆರೆ. ಅದರ ಬಗ್ಗೆ ನನಗಿರುವ ಹೆಮ್ಮೆ ಯಾವ ಬಡ್ತಿಯ ಬಗ್ಗೆಯೂ ಇಲ್ಲ.

ನಿವೃತ್ತರಾಗಿ ಜಗಳೂರಿಗೆ ಹೋದ ಮೇಡಂ, ಬೇಸಿಗೆಯ ಒಂದು ಬೆಳಿಗ್ಗೆ ಎದ್ದೇಳಲಿಲ್ಲ. ಸುದ್ದಿ ಬಂದಾಗ ನಾನು ಕಚೇರಿಯಲ್ಲೇ ಎಲ್ಲರೆದುರು ಅತ್ತೆ, ನಾಚಿಕೆಯಾಗಲಿಲ್ಲ.

ಆ ವರ್ಷದ ಮಳೆಗಾಲದಲ್ಲಿ ಹೊಳೆ ಜೋರಾಗಿ ಏರಿತು. ಬೀದಿಗೆ ಬಂತು, ಹೊಸ್ತಿಲು ಮುಟ್ಟಿತು. ನಾನೂ ಅವ್ವನೂ ಬಾಗಿಲಲ್ಲಿ ನಿಂತು ನೋಡುತ್ತಿದ್ದೆವು. ನೀರು ಅಲ್ಲೇ ಹೊರಳಿ ಗದ್ದೆಗಳಿಗೆ ಇಳಿಯಿತು. ಏರಿ ಏಳಬೇಕಿದ್ದ ಕಡೆಯಲ್ಲೆಲ್ಲ ಕಣ್ಣು ಹರಿಯುವಷ್ಟು ದೂರ ಕೆಂಪು ನೀರು. ಅವ್ವ ಒಳಗೆ ಹೋಗಿ ಒಲೆ ಹಚ್ಚಿದಳು. ಮೊದಲ ರೊಟ್ಟಿಯನ್ನು ತಟ್ಟೆಗೆ ಹಾಕಿ, ಮೇಲೆ ಬೆಣ್ಣೆ ಇಟ್ಟು, ನಮ್ಮ ಹಿರಿಯರಿಗೆ ಎಡೆ ಇಡುವ ಜಾಗದಲ್ಲಿ ಇಟ್ಟಳು.

“ಯಾರಿಗವ್ವಾ?” ಎಂದೆ, ಗೊತ್ತಿದ್ದೂ.

“ಆ ಯವ್ವಗೆ” ಎಂದಳು. “ಈ ಒಲೆ ಆಕೆದೇ.”