ಕುಂತ ಡಾಕ್ಟರ, ನಿಂತ ಡಾಕ್ಟರ

ಆ ವರ್ಷದ ಬಗ್ಗೆ ನಾಲ್ಕು ಸಿಹಿ ಮಾತು ಬರೆಯಿರಿ ಎನ್ನುವವರಿಗೆ ಕೊಡಲು ನನ್ನ ಬಳಿ ಸಿಹಿ ಇಲ್ಲ. ವೈದ್ಯನಾದವನು ತನ್ನ ಮೊದಲ ವರ್ಷ ನೆನೆದು ಕಣ್ಣು ಒದ್ದೆ ಮಾಡಿಕೊಳ್ಳಬೇಕೆಂಬುದು ಒಂದು ರೂಢಿ. ಗುರುವಿನ ಗದರಿಕೆಯ ಹಿಂದೆ ಪ್ರೀತಿ ಇತ್ತು ಎನ್ನಬೇಕು. ಹಸಿವು ಪಾಠ ಕಲಿಸಿತು ಎನ್ನಬೇಕು. ನನ್ನ ಗುರುವಿನ ಗದರಿಕೆಯ ಹಿಂದೆ ಇನ್ನೊಂದು ಗದರಿಕೆ ಇತ್ತು. ಹಸಿವು ನನಗೆ ಹೊಟ್ಟೆನೋವು ಕೊಟ್ಟಿತು.

ನಿಜಾಮರ ಕಾಲ. ಹೈದರಾಬಾದಿನಲ್ಲಿ ಉರ್ದುವಿನಲ್ಲಿ ವೈದ್ಯ ಓದಿ ಪಾಸಾಗಿದ್ದೆ. ಸನದು ಕೈಗೆ ಬರಬೇಕಾದರೆ ಒಂದು ವರ್ಷ ಸರ್ಕಾರಿ ದವಾಖಾನೆಯಲ್ಲಿ ದುಡಿಯಬೇಕು. ಕೊನೆಗೆ ಅಲ್ಲಿನ ಹಿರಿಯ ಡಾಕ್ಟರು ರುಜು ಹಾಕಬೇಕು. ನನ್ನನ್ನು ಲಿಂಗಸುಗೂರಿಗೆ ಹಾಕಿದರು. ಕನ್ನಡ ಬಲ್ಲವನು ಎಂಬುದೊಂದೇ ಕಾರಣ. ಅಲ್ಲಿನ ಹಿರಿಯರೂ ನಮ್ಮ ಕಡೆಯವರೇ, ಮನೆಯಲ್ಲಿ ಕನ್ನಡವೇ ಮಾತು. ದವಾಖಾನೆಗೆ ಬಂದರೆ ಶೇರ್ವಾನಿಯ ಗುಂಡಿಗಳನ್ನು ಗಂಟಲತನಕ ಹಾಕಿಕೊಂಡು ಕೂರುತ್ತಿದ್ದರು. ಎಲ್ಲರೂ ಅವರನ್ನು ದೊಡ್ಡ ಸಾಹೇಬರು ಎನ್ನುತ್ತಿದ್ದರು. ನನಗೆ ಅವರಿಟ್ಟ ಹೆಸರು ನಯಾ ಡಾಕ್ಟರ್. ವರ್ಷ ಮುಗಿಯುವ ತನಕ ನಾನು ಹಳಬನಾಗಲಿಲ್ಲ.

ಕುರ್ಚಿಯ ವಿಷಯ ಹೇಳಿಬಿಡಬೇಕು. ಮುಂದಿನದೆಲ್ಲ ಅದರಿಂದ ಆದದ್ದು.

ರೋಗಿಗಳನ್ನು ನೋಡುವ ಕೋಣೆಯಲ್ಲಿ ಒಂದು ಮೇಜು, ಒಂದು ಬೆತ್ತದ ಕುರ್ಚಿ, ರೋಗಿಗೊಂದು ಸ್ಟೂಲು. ಕುರ್ಚಿಯಲ್ಲಿ ಸಾಹೇಬರು. ಅವರ ಎಡಹೆಗಲಿನ ಹಿಂದೆ ನಾನು, ನಿಂತು. ಬಾಗಿಲ ಬಳಿ ಕಂಪೌಂಡರ್, ಅವನೂ ನಿಂತು. ಈ ನಿಯಮವನ್ನು ಯಾರೂ ನನಗೆ ಹೇಳಿರಲಿಲ್ಲ. ಮೊದಲ ದಿನ ಕಾಲು ಸೋತು ಖಾಲಿ ಸ್ಟೂಲಿನ ಮೇಲೆ ಕೂತುಬಿಟ್ಟೆ. ಸಾಹೇಬರು ತಿರುಗಿ ನೋಡಿದರು.

"ಜಡ್ಡಿನವರ ಜಾಗಾದಾಗ ಕುಂತೀಯಲ್ಲ ನಯಾ ಡಾಕ್ಟರ್. ಏನಾಗೇತಿ ನಿನಗ? ನಾಲಿಗಿ ತೋರ್ಸು."

ಕೋಣೆಯ ತುಂಬ ಜನ. ನಾಲಿಗೆ ತೋರಿಸಿದೆ. ಅವರು ನಿಧಾನವಾಗಿ, ಬಹಳ ಶ್ರದ್ಧೆಯಿಂದ ನೋಡಿದರು.

"ಮಲಬದ್ಧ. ಹಳ್ಳೆಣ್ಣಿ ಕೊಡ್ರಿ ಇಂವಗ."

ಕಂಪೌಂಡರ್ ನಿಜವಾಗಿಯೂ ತಂದ. ಜನ ನಕ್ಕರು. ನಾನು ಕುಡಿದೆನೋ ಇಲ್ಲವೋ ನೆನಪಿಲ್ಲ. ಬಾಯಲ್ಲಿ ಎಣ್ಣೆಯ ರುಚಿ ಮಾತ್ರ ಇದೆ, ಅದನ್ನು ಸಾಕ್ಷಿಯೆಂದು ಒಪ್ಪಲಾರೆ. ಹರಳೆಣ್ಣೆಯ ರುಚಿ ಯಾರ ಬಾಲ್ಯದಲ್ಲಿಲ್ಲ?

ಅಂದಿನಿಂದ ನಿಂತೆ. ಜನ ನೋಡಿದ್ದು ಅಷ್ಟನ್ನೇ. ಅವರ ಮಾತಿನಲ್ಲಿ ಅಲ್ಲಿ ಇಬ್ಬರು ಡಾಕ್ಟರರಿದ್ದರು: ಕುಂತ ಡಾಕ್ಟರ, ನಿಂತ ಡಾಕ್ಟರ. ನಾನು ಗಾಯಕ್ಕೆ ಪಟ್ಟಿ ಕಟ್ಟಿದರೆ ಅದನ್ನು ಕುಂತವರಿಗೆ ತೋರಿಸಿ, ಅವರು ತಲೆಯಾಡಿಸಿದ ಮೇಲೆಯೇ ಮನೆಗೆ ಹೋಗುತ್ತಿದ್ದರು. ಕೆಲವರು ದಾರಿಯಲ್ಲೇ ಬಿಚ್ಚುತ್ತಿದ್ದರು. ಅಂಗಳದಲ್ಲಿ ನಾನು ಕಟ್ಟಿದ ಪಟ್ಟಿಗಳು ಬಿದ್ದಿರುತ್ತಿದ್ದವು. ಇದನ್ನು ಈಗ ನಗುತ್ತ ಹೇಳಬೇಕೆಂದು ಗೊತ್ತು. ನಗು ಬರುತ್ತಿಲ್ಲ.

ಇನ್ನು ಕಾಲಿನ ವಿಷಯ.

ಮಸ್ಕಿಯ ಕಡೆಯ ಒಂದು ಹಳ್ಳಿಯಿಂದ ಒಬ್ಬ ತಾಯಿ ಮಗನನ್ನು ಬಂಡಿಯಲ್ಲಿ ಹಾಕಿಕೊಂಡು ಬಂದಳು. ಮಗ ನೇಕಾರ, ಕುಣಿಮಗ್ಗದಲ್ಲಿ ಕೂತು, ಕೆಳಗಿನ ಗುಂಡಿಗೆ ಕಾಲು ಇಳಿಬಿಟ್ಟು ಹಲಗೆ ತುಳಿದು ಸೀರೆ ನೇಯುವವನು. ಅವನಿಗೆ ನಾರುಹುಣ್ಣು. ಆಗ ಆ ಸೀಮೆಯಲ್ಲಿ ಅದು ಯಾರಿಗೂ ಹೊಸದಲ್ಲ. ಮೆಟ್ಟಿಲಬಾವಿಗೆ ಇಳಿದು ಕುಡಿದ ನೀರಿನಿಂದ ಒಳಗೆ ಸೇರಿದ ಹುಳು, ವರ್ಷ ತಿರುಗುವ ಹೊತ್ತಿಗೆ ಕಾಲಿನ ಗುಳ್ಳೆಯೊಡೆದು ಬಿಳಿ ದಾರದಂತೆ ತಲೆ ಹಾಕುತ್ತದೆ. ಜನ ಅದನ್ನು ಕಡ್ಡಿಗೆ ಸುತ್ತಿ, ದಿನಕ್ಕೆ ಸ್ವಲ್ಪ ಸ್ವಲ್ಪವೇ ಎಳೆಯುತ್ತ, ಮಲಗಿರುತ್ತಾರೆ. ಹರಿದರೆ ಒಳಗುಳಿದದ್ದು ಕೀವಾಗುತ್ತದೆ.

ಇವನು ಮಲಗಲಿಲ್ಲ. ನೇಕಾರನಲ್ಲವೇ, ಹುಳುವನ್ನು ಕಡ್ಡಿಗೆ ಸುತ್ತದೆ ನೂಲು ಸುತ್ತುವ ಕಂಡಿಕೆಗೆ ಸುತ್ತಿದ್ದ. ಕಂಡಿಕೆಯನ್ನು ಕಾಲಿಗೆ ಕಟ್ಟಿಕೊಂಡು ಮಗ್ಗಕ್ಕೆ ಇಳಿದಿದ್ದ. ಕುಣಿಯೊಳಗೆ ಅದು ಹಲಗೆಯ ಹಗ್ಗಕ್ಕೆ ಸಿಕ್ಕಿತು. ಒಂದು ತುಳಿತಕ್ಕೆ ಹುಳು ಹರಿಯಿತು.

"ಎಳಿ ಹರದ್ರ ಗಂಟ ಹಾಕ್ತೀನಿ ಅನ್ಕೊಂಡಿದ್ದ್ಯೇನೋ," ಎಂದು ತಾಯಿ ಬಂಡಿಯಲ್ಲಿದ್ದ ಮಗನಿಗೆ ಹೇಳುತ್ತಿದ್ದಳು. ಅವನು ಜ್ವರದಲ್ಲಿ ಹಲ್ಲು ಕಡಿಯುತ್ತಿದ್ದ.

ಮೊಣಕಾಲು ಕುಂಬಳಕಾಯಿಯಾಗಿತ್ತು. ಕೆಂಪು ತೊಡೆಗೆ ಏರುತ್ತಿತ್ತು. ಅಂದೇ ಕೊಯ್ದು ಕೀವು ತೆಗೆಯಬೇಕು. ಇಲ್ಲವಾದರೆ ತೊಡೆಯಿಂದ ಕಾಲನ್ನೇ ತೆಗೆಯಬೇಕು, ಅದಕ್ಕೂ ಹೊತ್ತು ಮೀರಬಹುದು. ಇಷ್ಟು ನನಗೆ ಖಂಡಿತವಾಗಿ ಗೊತ್ತಿತ್ತು.

"ಸಾಹೇಬ್ರ ಎಲ್ಲಿ?" ಎಂದಳು.

"ಹಳ್ಳಿ ತಿರಗಾಕ ದೌರೆಕ್ಕ ಹೋಗ್ಯಾರ. ಮಸ್ಕಿ ಕಡಿಗೆ," ಎಂದ ಕಂಪೌಂಡರ್.

"ನಾವೂ ಮಸ್ಕಿ ಕಡಿಂದನ ಬಂದೀವಿ. ಹಾದ್ಯಾಗ ಒಂದು ಮೋಟಾರು ನಮ್ಮ ಮಾರಿಗೆ ಧೂಳ ಉಗ್ಗಿ ಹೋತು. ಅವರ ಏನು?"

"ಅವರ."

"ಧೂಳ ಚಲೋ ಇತ್ತು ಬಿಡ್ರಿ."

ನಾನು ಮುಂದೆ ಬಂದು ಹೇಳಿದೆ: ನಾನೂ ಡಾಕ್ಟರು, ಇವತ್ತೇ ಕೊಯ್ಯಬೇಕು, ಸಾಹೇಬರು ಬರುವತನಕ ಕಾಲು ಕಾಯುವುದಿಲ್ಲ. ಅವಳು ನನ್ನನ್ನು ಮೇಲಿಂದ ಕೆಳಗೆ ನೋಡಿದಳು.

"ನೀ ನಿಂತ ಡಾಕ್ಟರಲ್ಲೇನಪಾ? ಹೋದ ಸಲ ನಮ್ಮ ಮೈದನ್ನ ಕರಕೊಂಡು ಬಂದಾಗ ನೋಡೀನಿ."

ಕಂಪೌಂಡರ್ ಗೋಡೆಯ ಕಡೆ ತಿರುಗಿದ. ಅವನ ಹೆಗಲು ಕುಣಿಯುತ್ತಿತ್ತು.

"ನಿಂತ್ರೇನು, ಕುಂತ್ರೇನು? ನಾನೂ ಅಷ್ಟಽ ಓದೀನಿ," ಎಂದೆ.

"ಓದಿರಬಹುದಪ್ಪ. ನಿಂತಾವ್ರು ಹೋಗಾವ್ರು. ಕುಂತಾವ್ರು ಇರಾವ್ರು. ನಾಳೆ ನನ ಮಗನ ಕಾಲು ಹೋತಂದ್ರ ನಾ ಯಾರ್ನ ಬಂದು ಕೇಳ್ಲಿ? ನಿಂತ ಜಾಗಾನ ಕೇಳ್ಲೇನು?"

ಸಿಟ್ಟು ಬಂತು. ಅವಳ ಮೇಲೆ, ಬಂಡಿಯ ಮೇಲೆ, ಹೊರಗಿನ ಬಿಸಿಲಿನ ಮೇಲೆ. ಒಳಗೆ ಹೋಗಿ ಕುರ್ಚಿಯಲ್ಲಿ ಕೂತೆ. ಅದರ ಬೆತ್ತ ಇನ್ನೊಬ್ಬರ ಆಕಾರಕ್ಕೆ ಜಗ್ಗಿತ್ತು. ಕುಳಿಯೊಳಗೆ ಬಿದ್ದ ಹಾಗಾಯಿತು. ಕುರ್ಚಿಗೆ ಕೈಗಳಿದ್ದವು ಎಂದು ಬಹಳ ಕಾಲ ಹೇಳಿಕೊಂಡು ಬಂದಿದ್ದೇನೆ. ಇರಲಿಲ್ಲವೆಂದು ಈಗ ಅನಿಸುತ್ತದೆ. ಕೈಯನ್ನು ಎಲ್ಲಿಡುವುದೆಂದು ತಿಳಿಯದೆ ತೊಡೆಯ ಮೇಲಿಟ್ಟುಕೊಂಡದ್ದು ನೆನಪಿದೆ.

"ಏಳ್ರೀ. ನನ್ನ ನೌಕರಿ ತಿಂತೀರಿ," ಎಂದ ಕಂಪೌಂಡರ್. ಈಗ ಅವನು ನಗುತ್ತಿರಲಿಲ್ಲ.

"ಕ್ಲೋರೋಫಾರ್ಮು ತಗೀರಿ. ಆಕೀನ್ನ ಒಳಗ ಕರೀರಿ."

ಅವಳು ಬಂದಳು. ಅದೇ ಮುಖ, ಅದೇ ನಾನು. ಮೋಸ ಹೋದವಳಂತೆ ಒಂದಿಷ್ಟೂ ಕಾಣಲಿಲ್ಲ. ಸೆರಗು ಸರಿ ಮಾಡಿಕೊಂಡು ಎದುರಿಗೆ ನಿಂತಳು.

"ಮೊದಲಽ ಕುಂತಿದ್ರ ಆಗ್ತಿರಲಿಲ್ಲೇನ್ರಿ? ಸುಮ್ನ ಹೊತ್ತು ಕಳದ್ರಿ. ಈಗ ಹೇಳ್ರಿ, ಕಾಲು ಉಳಿತೈತೇನು?"

'ನೀ' ಹೋಗಿ 'ರೀ' ಬಂದಿತ್ತು.

"ಇವತ್ತು ಕೊಯ್ದ್ರ ಉಳೀಬಹುದು."

"ಮಗ್ಗ ತುಳೀತಾನೇನು?"

ಇಲ್ಲಿ ಎರಡು ನೆನಪುಗಳಿವೆ. 'ನೋಡೋಣ' ಎಂದೆ ಎಂಬುದು ನನ್ನದು. 'ತುಳೀತಾನ' ಎಂದಿರಿ ಎಂಬುದು ಅವಳದು. ನಾನು ಅವಳದನ್ನೇ ನಂಬುತ್ತೇನೆ. ನನಗೆ ಆ ಉತ್ತರ ಮರೆತರೂ ನಡೆಯುತ್ತಿತ್ತು, ಅವಳಿಗೆ ನಡೆಯುತ್ತಿರಲಿಲ್ಲ.

ಕೊಯ್ದೆ. ಕೀವು ಬಂತು, ಅದರಲ್ಲಿ ಹುಳುವಿನ ತುಂಡುಗಳು ನೆನೆದ ನೂಲಿನ ಹಾಗೆ ಬಂದವು. ಕ್ಲೋರೋಫಾರ್ಮಿನ ಮತ್ತಿನಲ್ಲಿ ಅವನ ಇನ್ನೊಂದು ಕಾಲು ಹಲಗೆ ತುಳಿಯುವಂತೆ ಮೇಲೆ ಕೆಳಗೆ ಆಡುತ್ತಿತ್ತು. ಇದನ್ನು ಹೇಳಿದಾಗಲೆಲ್ಲ ಕೇಳಿದವರು ಮೆಚ್ಚುತ್ತಾರೆ, ಹಾಗಾಗಿ ನನಗೆ ಇದರ ಮೇಲೆ ಗುಮಾನಿ. ಕ್ಲೋರೋಫಾರ್ಮಿನಲ್ಲಿ ಯಾರ ಕಾಲಾದರೂ ಆಡುತ್ತದೆ. ಅದಕ್ಕೆ ಮಗ್ಗವನ್ನು ಕಟ್ಟಿದ್ದು ಬಹುಶಃ ನಾನೇ.

ಸಾಹೇಬರು ದೌರೆಯಿಂದ ಬಂದರು. ಕಂಪೌಂಡರ್ ಅವರ ಮೋಟಾರು ನಿಲ್ಲುವ ಮುಂಚೆಯೇ ಓಡಿಹೋಗಿ ಎಲ್ಲವನ್ನೂ ಒಪ್ಪಿಸಿದ. ಅವರು ನೇರವಾಗಿ ರೋಗಿಯ ಬಳಿ ಹೋಗಿ ಪಟ್ಟಿ ಬಿಚ್ಚಿಸಿದರು. ಬಹಳ ಹೊತ್ತು ನೋಡಿದರು.

"ಚಾಕು ಚಲೋ ಹಿಡೀತಿ," ಎಂದರು. ವರ್ಷವಿಡೀ ಅವರಿಂದ ಬಂದ ಹೊಗಳಿಕೆ ಅದೊಂದೇ. ಅದು ಮುಗಿಯುವ ಮುಂಚೆಯೇ ಕೇಳಿದರು: "ಕುರ್ಚಿ ಹೆಂಗಿತ್ತು?"

ನಾನು ಪಟ್ಟಿ ಮತ್ತೆ ಕಟ್ಟತೊಡಗಿದೆ.

"ಮೆತ್ತಗಿತ್ತೇನು? ನಾಚಬ್ಯಾಡ, ಹೇಳು."

ಮರುದಿನ ಬೆಳಿಗ್ಗೆ ಕುರ್ಚಿಯನ್ನು ಹೊರಗೆ, ಅಂಗಳದ ಬೇವಿನ ಗಿಡದ ಬುಡಕ್ಕೆ ಹಾಕಿಸಿದರು. ನನ್ನನ್ನು ಅದರಲ್ಲಿ ಕೂರಿಸಿದರು. ಕೆಲಸವಿಲ್ಲ, ಮಾತಿಲ್ಲ. "ಕುಂಡ್ರು. ಆಶಾ ತೀರಲಿ. ಇಂವನ್ನ ಯಾರೂ ಎಬ್ಬಿಸಬ್ಯಾಡ್ರಿ," ಎಂದು ಎಲ್ಲರಿಗೂ ಕೇಳುವಂತೆ ಹೇಳಿ ಒಳಗೆ ಹೋದರು.

ದವಾಖಾನೆಯಲ್ಲಿ ಇದ್ದದ್ದು ಒಂದೇ ಕುರ್ಚಿ ಎಂಬುದನ್ನು ಸಾಹೇಬರು ಮರೆತಿದ್ದರು. ಸ್ಟೂಲಿನ ಮೇಲೆ ಅವರು ಕೂರುವವರಲ್ಲ. ಒಳಗೆ ಮೇಜಿನ ಹಿಂದೆ ನಿಂತರು. ಮೊದಲು ಬಂದ ಒಬ್ಬ ಮುದುಕ ಬಾಗಿಲಲ್ಲಿ ಇಣುಕಿ, ಹಿಂದೆ ಸರಿದು, ನೇರವಾಗಿ ನನ್ನ ಮುಂದೆ ಬಂದು ನಾಲಿಗೆ ಚಾಚಿದ.

"ಒಳಗ ಹೋಗಜ್ಜ, ಸಾಹೇಬ್ರು ಒಳಗದಾರ," ಎಂದೆ.

"ಒಳಗ ಯಾರೋ ನಿಂತಾರಪ," ಎಂದ.

ಅವನ ಹಿಂದೆ ಇನ್ನೊಬ್ಬಳು ಬಂದು ನಿಂತಳು. ಈ ಕತೆಯನ್ನು ಹೇಳುತ್ತ ಹೇಳುತ್ತ ಆ ಸಾಲನ್ನು ನಾನು ದವಾಖಾನೆಯ ಗೇಟಿನ ತನಕ ಬೆಳೆಸಿದ್ದೇನೆ. ನಿಜದಲ್ಲಿ ಮೂವರೋ ನಾಲ್ವರೋ ಇದ್ದಿರಬೇಕು. ಆದರೆ ಸಾಹೇಬರು ಕಿಟಕಿಯಲ್ಲಿ ಬಂದು ನೋಡಿದ್ದು ನಿಜ. ಆ ಮುಖವನ್ನು ನಾನು ಬೆಳೆಸಿಲ್ಲ. ಮಧ್ಯಾಹ್ನದೊಳಗೆ ಕುರ್ಚಿ ಒಳಗೆ ಹೋಯಿತು, ಸಂಜೆಯೊಳಗೆ ನನಗೆ ಸಿಂಧನೂರಿನ ಸಣ್ಣ ದವಾಖಾನೆಗೆ ಹೋಗಲು ಹುಕುಂ ಬಂತು. ವರ್ಷದ ಉಳಿದ ಭಾಗ ಅಲ್ಲಿ. ನೇಕಾರನ ಕಾಲಿನ ಪಟ್ಟಿಯನ್ನು ಇನ್ನೊಮ್ಮೆ ಬಿಚ್ಚಿ ನೋಡಲೂ ಬಿಡಲಿಲ್ಲ.

ಈಗ ಸಿಂಧನೂರಿನ ಸುತ್ತ ಭತ್ತದ ಹಸಿರು ನೋಡಿದವರು ಆಗಿನ ಸಿಂಧನೂರನ್ನು ನಂಬುವುದಿಲ್ಲ. ಕಾಲುವೆ ಬಂದಿರಲಿಲ್ಲ. ಎರೆನೆಲ, ಜೋಳ, ಹತ್ತಿ, ಮೇಲೆ ಬಿಸಿಲು. ಆ ದವಾಖಾನೆಯಲ್ಲಿ ಕುರ್ಚಿಯೇ ಇರಲಿಲ್ಲ. ಮೊದಲಿಂದಲೂ ಇರಲಿಲ್ಲವೋ, ನಾನು ಬರುವ ಮುಂಚೆ ತೆಗೆಸಿದ್ದರೋ, ಕೇಳಲು ಹೋಗಲಿಲ್ಲ. ಕಾಲಿನ ಬಗ್ಗೆಯೂ ಯಾರನ್ನೂ ಕೇಳಲಿಲ್ಲ. ರುಜುವಿನ ಮಾತು ಕೇಳುವವರಿಗೆ ಹೇಳುತ್ತೇನೆ: ಕೊನೆಗೆ ಹಾಕಿದರು, ತಡವಾಗಿ, ನನ್ನ ಮುಖ ನೋಡದೆ.

ಅದಕ್ಕೂ ಮುಂಚೆ, ಒಂದು ದಿನ ನಾನು ದವಾಖಾನೆಯ ಕಟ್ಟೆಯ ಬಳಿ ನಿಂತು ಯಾರದೋ ಕಣ್ಣಿಗೆ ಔಷಧ ಹಾಕುತ್ತಿದ್ದಾಗ ಒಂದು ಬಂಡಿ ಬಂದು ನಿಂತಿತು. ಮೊದಲು ತಾಯಿ ಇಳಿದಳು.

"ಸಿಕ್ಕಿರಿ," ಎಂದಳು. "ಲಿಂಗಸುಗೂರಿಗೆ ಹೋಗಿದ್ವಿ. ಕುರ್ಚ್ಯಾಗ ಬ್ಯಾರೆಯವರು ಕುಂತಿದ್ರು. ಕೊಯ್ದಾಂವ ಸಿಂಧನೂರಾಗ ಅದಾನ, ಅವನ್ನ ಕೇಳು ಅಂದ್ರು. ಕೇಳಾಕ ಬಂದೀನಿ."

ಮಗ ಇಳಿದ. ಗಾಯ ಮಾಯ್ದಿತ್ತು. ಜ್ವರವಿರಲಿಲ್ಲ. ಕಾಲು ಉಳಿದಿತ್ತು, ಆದರೆ ಒನಕೆಯ ಹಾಗೆ ನೆಟ್ಟಗೆ. ಮೊಣಕಾಲು ಮಡಚುತ್ತಿರಲಿಲ್ಲ.

"ಕಾಲು ಉಳಿತಲ್ಲವಾ," ಎಂದೆ.

"ಉಳದೈತಿ. ಕಂಬಾನೂ ಉಳದೈತಿ ಮನ್ಯಾಗ. ಈ ಕಾಲು ತಗೊಂಡು ಕುಣ್ಯಾಗ ಇಳಿಯೂದು ಹೆಂಗ? ತುಳೀತಾನ ಅಂದಿದ್ರಿ."

"ನಾ ಹಂಗ ಅಂದಿಲ್ಲ."

"ಕುಂತು ಅಂದಿರಿ."

ಸುತ್ತ ಇದ್ದವರು ಕೇಳುತ್ತಿದ್ದರು. ಪಟ್ಟಿ ಬಿಚ್ಚಿದಾಗಿನಿಂದಲೇ ದಿನಾ ಮಡಚಿಸಬೇಕಿತ್ತು, ಲಿಂಗಸುಗೂರಿನಲ್ಲಿ ಯಾರೂ ಮಡಚಿಸಲಿಲ್ಲ ಎಂದು ಹೇಳತೊಡಗಿದೆ. ಅವಳು ಕೈಯೆತ್ತಿ ತಡೆದಳು.

"ಮೊದಲು ಕುಂಡ್ರಿ. ನಿಂತು ಹೇಳಿದ್ದು ನಾ ಕೇಳೂದಿಲ್ಲ."

ಕಟ್ಟೆಯ ಮೆಟ್ಟಿಲ ಮೇಲೆ ಕೂತೆ. ಅವಳು ಮಗನನ್ನು ಎದುರಿಗೆ ಕೂರಿಸಿ, ಅವನ ಕಾಲನ್ನು ಎತ್ತಿ ನನ್ನ ತೊಡೆಯ ಮೇಲೆ ಇಟ್ಟಳು. ಭಾರವಾಗಿತ್ತು. ಬಿಸಿನೀರಿನ ಬಟ್ಟೆ ತರಿಸಿ ಸುತ್ತಿದೆ. ಆಮೇಲೆ ಮಡಚಲು ಹಿಡಿದೆ. ಅವನು ನನಗೆ, ನನ್ನ ತಾಯಿಗೆ, ನನ್ನ ಓದಿಗೆ ಬೈದ. ಅವನ ತಾಯಿ ಅವನ ಬಾಯಿ ಮುಚ್ಚಿಸಲಿಲ್ಲ. ಹಿಡಿದೇ ಇದ್ದೆ. ಒಳಗೆಲ್ಲೋ ಒಣ ಬಟ್ಟೆ ಹರಿದ ಸದ್ದಾಗಿ ಮೊಣಕಾಲು ತುಸು ಬಾಗಿತು.

ಅವಳು ಅವನ ಪಾದವನ್ನು ಮೆಟ್ಟಿಲ ಅಂಚಿಗೆ ಇಟ್ಟಳು.

"ತುಳಿ," ಎಂದಳು.

ಅವನು ತುಳಿದ. ಹಿಮ್ಮಡಿ ಇಳಿಯಿತು, ಒಂದಿಷ್ಟು. ಅವಳು ಬಗ್ಗಿ, ಮಗ್ಗದ ಹಲಗೆ ನೋಡುವವಳ ಹಾಗೆ ಕಣ್ಣು ಕಿರಿದು ಮಾಡಿ ನೋಡಿದಳು.

ಮುಂದೆ ಅವನು ನೇಯ್ದ ಸೀರೆಯೊಂದು ನನ್ನ ಮನೆಗೆ ಬಂತು ಎಂದು ಹೇಳಿದರೆ ಎಲ್ಲರಿಗೂ ಹಿತವಾಗುತ್ತದೆ. ಬರಲಿಲ್ಲ. ಅವಳು ನನಗೆ ಕೈ ಮುಗಿಯಲೂ ಇಲ್ಲ. ಮಗನನ್ನು ಬಂಡಿಗೆ ಹತ್ತಿಸಿ, ಹಿಂತಿರುಗಿ ನೋಡಿ, ಹೇಳಿದ್ದು ಇಷ್ಟು:

"ಅರ್ಧಾ ಆಗೇತಿ. ಮತ್ತ ಬರ್ತೀವಿ. ಅಲ್ಲೇ ಕುಂತಿರ್ರಿ."