ಹಾಲಮ್ಮನಿಗೆ ಹೇಳಿದವರು ಯಾರು?

ದೆವ್ವ, ಭೂತ, ಕನಸಿನಲ್ಲಿ ಬಂದು ಹೇಳಿಹೋಗುವ ಹಿರಿಯರು, ಇಂಥ ಮಾತುಗಳನ್ನು ನಾನು ಎಂದೂ ಕಿವಿಗೆ ಹಾಕಿಕೊಂಡವಳಲ್ಲ. ನರ್ಸ್ ಆಗಿ ಸಾವನ್ನು ತೀರಾ ಹತ್ತಿರದಿಂದ ಕಂಡಿದ್ದೇನೆ. ಉಸಿರು ನಿಂತ ಮೇಲೆ ಕಣ್ಣು ಮುಚ್ಚಿಸುವುದು, ಗದ್ದಕ್ಕೆ ಬಟ್ಟೆ ಕಟ್ಟುವುದು, ಮನೆಯವರಿಗೆ ದಾರಿ ಬಿಟ್ಟು ಪಕ್ಕಕ್ಕೆ ನಿಲ್ಲುವುದು, ಇಷ್ಟೇ ನಮ್ಮ ಕೆಲಸ. ಅದರಾಚೆ ಏನೂ ಇಲ್ಲವೆಂದು ನಂಬಿದ್ದೆ. ಈಗಲೂ ಹೆಚ್ಚುಕಡಿಮೆ ಹಾಗೇ ನಂಬುತ್ತೇನೆ. ಆದರೆ ದಾವಣಗೆರೆಯಲ್ಲಿ ಓದುತ್ತಿದ್ದಾಗ ನಡೆದ ಒಂದು ಸಂಗತಿ ಮಾತ್ರ ಈ ನಂಬಿಕೆಯೊಳಗೆ ಎಲ್ಲಿಯೂ ಕೂರುವುದಿಲ್ಲ. ಅದು ನಡೆದದ್ದು ರಾತ್ರಿಯಲ್ಲ, ಹಾಡಹಗಲು. ನೋಡಿದವಳು ನಾನಲ್ಲ, ಬೇರೆಯವರು. ಅವರು ನೋಡಿದ್ದು ನನ್ನನ್ನು.

ಎಂಬತ್ತರ ದಶಕದ ಕೊನೆಯ ವರ್ಷಗಳು. ನರ್ಸಿಂಗ್ ಸ್ನಾತಕೋತ್ತರ ಪದವಿಯ ಜೊತೆಗೆ ವೈದ್ಯಕೀಯ ನೀತಿಶಾಸ್ತ್ರವನ್ನೂ ಸೇರಿಸಿ ಓದುವ ಒಂದು ಕೋರ್ಸು ಆಗ ಶುರುವಾಗಿತ್ತು. ಸೇರುವವರೇ ಇಲ್ಲದೆ ಅದು ಹೆಚ್ಚು ಕಾಲ ನಡೆಯಲಿಲ್ಲ. ಜೊತೆಯ ನರ್ಸುಗಳು ನಗುತ್ತಿದ್ದರು. "ಇಂಜೆಕ್ಷನ್ ಚುಚ್ಚೋಕೆ ನೀತಿಶಾಸ್ತ್ರ ಯಾಕ ಬೇಕು?" ಎನ್ನುತ್ತಿದ್ದರು. ಬೆಳಿಗ್ಗೆ ವಾರ್ಡು, ಮಧ್ಯಾಹ್ನ ತರಗತಿ. ನೀತಿಶಾಸ್ತ್ರ ಹೇಳಿಕೊಡಲು ಬರುತ್ತಿದ್ದವರು ತತ್ವಶಾಸ್ತ್ರದ ಒಬ್ಬ ಹಿರಿಯ ಮೇಷ್ಟ್ರು. ಪಾಠಕ್ಕಿಂತ ಪ್ರಶ್ನೆಯೇ ಹೆಚ್ಚು ಅವರದು. ಒಮ್ಮೆ ತರಗತಿಗೆ ಬಂದವರೇ, "ರೋಗಿಯ ರೋಗದ ಸುದ್ದಿ ಯಾರ ಸ್ವತ್ತು? ರೋಗಿಯದೋ, ಅವನ ಮನೆಯವರದೋ?" ಎಂದು ಕೇಳಿ, ಉತ್ತರಕ್ಕೆ ಕಾಯದೆ ಕಿಟಕಿಯ ಬಳಿ ಹೋಗಿ ನಿಂತರು. ನನ್ನ ಪ್ರಬಂಧಕ್ಕೆ ಅದೇ ವಿಷಯವಾಯಿತು. ಗುಣವಾಗದ ರೋಗಿಗೆ ನಿಜ ಹೇಳಬೇಕೇ, ಹೇಳುವುದಾದರೆ ಹೇಗೆ?

ಹೆಂಗಸರ ವಾರ್ಡಿನಲ್ಲಿ ಹಾಲಮ್ಮ ಎಂಬವರು ಇದ್ದರು. ಹದಡಿಯವರು. ವಯಸ್ಸು ಅರವತ್ತರ ಹತ್ತಿರ, ಒಣಗಿದ ಮೈ, ದೊಡ್ಡ ಕಣ್ಣು. ಗರ್ಭಕೋಶದ ಕ್ಯಾನ್ಸರ್ ಹೊಟ್ಟೆಗೆಲ್ಲ ಹರಡಿ, ಡಾಕ್ಟರು ಕೈಚೆಲ್ಲಿದ್ದರು. ಮಗ ನಾಗಪ್ಪ ತಾಯಿಗೆ ಹೊಟ್ಟೆಹುಣ್ಣು ಎಂದು ಹೇಳಿದ್ದ. ನಾನು ಹೊಸದಾಗಿ ಆ ವಾರ್ಡಿಗೆ ಹೋದ ದಿನವೇ ವರಾಂಡದಲ್ಲಿ ತಡೆದು ನಿಲ್ಲಿಸಿದ್ದ.

"ಸಿಸ್ಟರೇ, ಕೈ ಮುಗೀತೀನಿ, ಅವ್ವಗೆ ಮಾತ್ರ ಹೇಳಬ್ಯಾಡ್ರಿ. ಈ ರೋಗದ ಹೆಸರು ಕಿವಿಗೆ ಬಿದ್ರೆ ಅವತ್ತೇ ಜೀವ ಬಿಡ್ತಾಳೆ."

ಅವನು ಕೆಟ್ಟವನಲ್ಲ. ಹೊಲದ ಕೆಲಸ ಬಿಟ್ಟು ದಿನವೂ ಬರುತ್ತಿದ್ದ, ತಾಯಿಯ ಕಾಲು ಒತ್ತುತ್ತಿದ್ದ. ಅವನ ಮಾತಿಗೆ ನಾನು ತಲೆಯಾಡಿಸಿದೆ. ಆದರೆ ಹಾಲಮ್ಮ ನನ್ನನ್ನು ಬಿಡಬೇಕಲ್ಲ. ಔಷಧಿ ಕೊಡಲು ಹೋದಾಗಲೆಲ್ಲ ಮುಂಗೈ ಹಿಡಿದು ಕೇಳುತ್ತಿದ್ದರು.

"ಯವ್ವಾ, ನನಗೇನಾಗೈತೆ? ನೀನಾದ್ರೂ ಖರೇ ಹೇಳು. ಇವ್ರೆಲ್ಲ ನನ್ನ ಮುಂದೆ ನಗ್ತಾರೆ, ಹೊರಗೆ ಹೋಗಿ ಅಳ್ತಾರೆ."

"ಡಾಕ್ಟರು ಹೇಳ್ತಾರೆ, ಸುಮ್ಮನಿರಿ" ಎಂದು ಕೈ ಬಿಡಿಸಿಕೊಳ್ಳುತ್ತಿದ್ದೆ. ಹಾಲಮ್ಮನಿಗೊಬ್ಬ ಮಗಳಿದ್ದಳು, ಕೊಟ್ರಮ್ಮ. ಬೇರೆ ಜಾತಿಯ ಮಿಲ್ ಕಾರ್ಮಿಕನನ್ನು ತಾನೇ ಮೆಚ್ಚಿ ಮದುವೆಯಾದವಳು. ಇದೇ ದಾವಣಗೆರೆಯಲ್ಲಿ, ಆಸ್ಪತ್ರೆಯಿಂದ ನಡೆದು ಹೋಗುವಷ್ಟು ದೂರದಲ್ಲಿ ಮನೆ. ತಾಯಿ ಮಗಳಿಗೆ ವರ್ಷಗಳಿಂದ ಮಾತಿಲ್ಲ. "ಆರಾಮಾಗಿ ಮನೆಗೆ ಹೋದ ಮೇಲೆ ನೋಡಾಣ, ಮುಂದಿನ ಸುಗ್ಗಿಗೆ ಕರೆಸಾಣ" ಎನ್ನುತ್ತಿದ್ದರು ಹಾಲಮ್ಮ. ಮುಂದಿನ ಸುಗ್ಗಿ ಅವರ ಪಾಲಿಗಿಲ್ಲ ಎಂಬುದು ವಾರ್ಡಿನಲ್ಲಿ ಅವರೊಬ್ಬರನ್ನು ಬಿಟ್ಟು ಎಲ್ಲರಿಗೂ ಗೊತ್ತಿತ್ತು. ಆ ಮಾತು ಕೇಳಿದ ದಿನ ನನಗೆ ಊಟ ಸೇರಲಿಲ್ಲ.

ಅದೇ ವಾರ ನಮ್ಮ ಅಪ್ಪನ ವರ್ಷಾಬ್ದಿಕ ಬಂತು. ಅಮ್ಮ ಹರಿಹರದಲ್ಲಿದ್ದಳು. ರಜೆ ಹಾಕಿ ಬೆಳಿಗ್ಗೆಯೇ ಬಸ್ಸು ಹಿಡಿದು ಹೋದೆ. ಹೊಳೆಯಲ್ಲಿ ಮಿಂದು ಅಮ್ಮನದೇ ಒಂದು ಹಳೆಯ ಕಡುನೀಲಿ ಕೈಮಗ್ಗದ ಸೀರೆ ಉಟ್ಟೆ. ಕಾರ್ಯ ಮುಗಿದು, ಊಟವಾಗಿ, ಬಂದವರೆಲ್ಲ ಹೋದ ಮೇಲೆ ಮನೆಯಲ್ಲಿ ಕೂರಲಾಗದೆ ಒಬ್ಬಳೇ ಹೊಳೆಯ ಮೆಟ್ಟಿಲಿಗೆ ಬಂದೆ. ಬಿಸಿಲು ರಣಗುಡುತ್ತಿತ್ತು. ದಡದಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ. ಕೆಳಗಿನ ಮೆಟ್ಟಿಲಲ್ಲಿ ಕಾಲು ಇಳಿಬಿಟ್ಟು ಕೂತೆ. ಸೀರೆಯ ಅಂಚು ನೀರಿಗೆ ಬಿದ್ದಿತ್ತು, ಎತ್ತಿಕೊಳ್ಳಲಿಲ್ಲ.

ಅಲ್ಲಿ ಕೂತು ಹಾಲಮ್ಮನಿಗೆ ಹೇಗೆ ಹೇಳಬಹುದೆಂದು ಗಟ್ಟಿಯಾಗಿಯೇ ಹೇಳಿ ನೋಡಿದೆ. ಒಮ್ಮೆ ಹೇಳಿದೆ, ಸರಿಬರಲಿಲ್ಲ. ಮತ್ತೆ ಹೇಳಿದೆ. "ಹಾಲಮ್ಮಾ, ನಿಮ್ಮ ಹೊಟ್ಟೆಯಲ್ಲಿರೋದು ಹುಣ್ಣಲ್ಲ. ಇದು ಔಷಧಿಗೆ ಬಗ್ಗೋ ರೋಗ ಅಲ್ಲ. ನೋವಾಗದ ಹಾಗೆ ನಾವು ನೋಡ್ಕೋತೀವಿ. ಯಾರನ್ನ ನೋಡಬೇಕು ಅನ್ನಿಸ್ತದೋ ಅವರನ್ನ ಈಗಲೇ ಕರೆಸ್ಕೊಳ್ಳಿ." ಹೇಳುತ್ತಾ ಹೇಳುತ್ತಾ ಅಪ್ಪ ನೆನಪಾಗಿ ಅಳು ಬಂತು. ಅಪ್ಪನಿಗೂ ಯಾರೂ ಹೇಳಿರಲಿಲ್ಲ. ಸಾಯುವ ಹಿಂದಿನ ದಿನ ಕನ್ನಡಕದ ಕಡ್ಡಿ ಮುರಿದಿದೆ, ರಿಪೇರಿಗೆ ಕೊಟ್ಟು ಬಾ ಎಂದು ನನ್ನನ್ನು ಕಳಿಸಿದ್ದರು. ಅದನ್ನೂ ಆ ನೀರಿಗೆ ಹೇಳಿಕೊಂಡೆ. ಆಮೇಲೆ ಸ್ವಲ್ಪ ಹೊತ್ತು ಮಂಪರು ಕವಿದಂತಾಯಿತು. ಎದ್ದಾಗ ಬಿಸಿಲು ಇಳಿದಿತ್ತು. ಮನೆಗೆ ಹೋಗಿ ಸೀರೆ ಬದಲಿಸಿ, ಒದ್ದೆ ಸೀರೆಯನ್ನು ಅಲ್ಲೇ ಒಣಹಾಕಿ, ಸಂಜೆಯ ಬಸ್ಸಿಗೆ ದಾವಣಗೆರೆಗೆ ಬಂದೆ.

ಮರುದಿನ ವಾರ್ಡಿಗೆ ಕಾಲಿಟ್ಟಾಗ ಹಾಲಮ್ಮ ಎದ್ದು ಕೂತಿದ್ದರು. ತಲೆ ಬಾಚಿ ಹೆರಳು ಹಾಕಿತ್ತು. ಕಾಲ ಬಳಿ ಒಬ್ಬ ಹೆಂಗಸು ಕಣ್ಣು ಒರೆಸಿಕೊಳ್ಳುತ್ತ ಕೂತಿದ್ದಳು. ನಾನು ಮಂಚದ ಹತ್ತಿರ ಹೋಗುತ್ತಲೇ ಹಾಲಮ್ಮ ನನ್ನ ಕೈ ಹಿಡಿದುಕೊಂಡರು.

"ಇವಳೇ ನೋಡವ್ವ ನನ್ನ ಮಗಳು, ಕೊಟ್ರಿ. ನಿನ್ನೆ ನೀನು ಹೇಳಿದ ಮೇಲೆ ಆಗಿಂದಾಗ್ಲೇ ಹೇಳಿ ಕಳಿಸಿದೆ. ಓಡಿ ಬಂದ್ಲು. ಮನಸು ಹಗುರಾತು."

"ನಾನು ಏನು ಹೇಳಿದೆ?"

"ಹುಣ್ಣಲ್ಲ, ಔಷಧಿಗೆ ಬಗ್ಗೋದಲ್ಲ ಅಂದ್ಯಲ್ಲ. ನೋವಾಗದಂಗೆ ನೋಡ್ಕೋತೀವಿ ಅಂದಿ. ಹೇಳ್ತಾ ಹೇಳ್ತಾ ನೀನೂ ಅತ್ತಿ. ನಿಮ್ಮಪ್ಪ ಕನ್ನಡಕ ರಿಪೇರಿಗೆ ಕಳಿಸಿದ್ದು ಹೇಳಿದ್ಯಲ್ಲ, ನನಗೂ ಕರುಳು ಚುರ್ ಅಂತು."

ನನ್ನ ಕೈಯಲ್ಲಿದ್ದ ಔಷಧಿಯ ತಟ್ಟೆಯನ್ನು ಮಂಚದ ಮೇಲಿಟ್ಟೆ. ಕನ್ನಡಕದ ಸಂಗತಿಯನ್ನು ನಾನು ದಾವಣಗೆರೆಯಲ್ಲಿ ಒಂದು ಜೀವಕ್ಕೂ ಹೇಳಿರಲಿಲ್ಲ. ಕೋಣೆಯ ಗೆಳತಿಗೂ ಹೇಳಿರಲಿಲ್ಲ.

ಪಕ್ಕದ ಮಂಚದಲ್ಲಿ ತಂಗಿಯ ಆರೈಕೆಗೆಂದು ಹಸೀನಾಬಿ ಎಂಬಾಕೆ ಇದ್ದಳು. ಹಾಸಿಗೆ ಹೊಲಿಯುವ ಮನೆತನದವಳು, ಎಚ್ಚರದ ಹೆಂಗಸು, ಇಲ್ಲದ್ದನ್ನು ಆಡುವವಳಲ್ಲ. ಅವಳನ್ನು ವರಾಂಡಕ್ಕೆ ಕರೆದು ಕೇಳಿದೆ.

"ಬಂದಿದ್ರಲ್ಲ ಸಿಸ್ಟರಮ್ಮ" ಎಂದಳು. "ಊಟ ಆದ ಮೇಲೆ, ಎಲ್ಲಾರೂ ಹಂಗೇ ಮಲಗಿದ್ರು. ನೀವು ಡ್ರೆಸ್ಸಲ್ಲಿ ಇರ್ಲಿಲ್ಲ, ನೀಲಿ ಸೀರೆ ಉಟ್ಟಿದ್ರಿ. ಸಲಾಂ ಅಂದೆ, ನನ್ನ ಕಡೆ ನೋಡ್ಲೇ ಇಲ್ಲ. ಅಜ್ಜಿ ಹತ್ರ ಕೂತು ಏನೋ ಮಾತಾಡ್ತಿದ್ರಿ, ಅಳ್ತಿದ್ರಿ. ಸೀರೆ ಅಂಚು ತೋಯ್ದಿತ್ತು. ಮಳಿ ಇಲ್ಲ ಏನಿಲ್ಲ, ಎಲ್ಲಿ ತೋಯಿಸ್ಕೊಂಡ್ರೋ ಅಂದ್ಕೊಂಡೆ. ಯಾಕ, ಏನಾತು?"

ನಾನು ದಾವಣಗೆರೆಗೆ ತಂದೇ ಇರದ ಆ ಸೀರೆ ಹರಿಹರದ ಮನೆಯ ಹಿತ್ತಲಲ್ಲಿ ತಂತಿಯ ಮೇಲೆ ನೇತಾಡುತ್ತಿತ್ತು.

ಮಧ್ಯಾಹ್ನದ ಹೊತ್ತಿಗೆ ನಾಗಪ್ಪ ಬಂದ. ತಾಯಿಗೆ ಎಲ್ಲ ಗೊತ್ತಾಗಿದೆ ಎಂದು ತಿಳಿದು ನನ್ನ ಮೇಲೆ ಎಗರಿ ಬಿದ್ದ. "ಕೈ ಮುಗಿದು ಕೇಳ್ಕೊಂಡಿದ್ದೆ. ನಿಮ್ಮ ಓದಿಗೆ ನಮ್ಮವ್ವನೇ ಬೇಕಾಗಿತ್ತೇನ್ರಿ?" ಎಂದು ಎಲ್ಲರ ಮುಂದೆ ಕೂಗಾಡಿದ. ಆ ಮಾತು ನಾಟಿತು. ಮೇಟ್ರನ್ ಕರೆಸಿದರು. ನಾನು ರಜೆಯಲ್ಲಿದ್ದದ್ದು ಅವರಿಗೆ ಗೊತ್ತಿತ್ತು. ರಜೆ ಕೊಟ್ಟವರೇ ಅವರು. ಆದರೆ ವಾರ್ಡಿನಲ್ಲಿ ನನ್ನನ್ನು ಕಂಡವರು ಇಬ್ಬರು. ರಜೆ ಹಾಕಿ ಕದ್ದು ಬಂದು ಹೇಳಿಹೋದೆ ಎಂದು ಮೇಟ್ರನ್ ತಿಳಿದರೋ, ಬೇರೇನಾದರೂ ತಿಳಿದರೋ ಕಾಣೆ. "ಈ ವಿಷಯ ಇಲ್ಲಿಗೇ ಬಿಡಿ. ಸದ್ಯಕ್ಕೆ ಆ ವಾರ್ಡಿಗೆ ಹೋಗಬೇಡಿ" ಎಂದರು. ನನ್ನ ಓದು ಅಲ್ಲಿಗೇ ನಿಂತಿತೆಂದುಕೊಂಡೆ.

ರಜೆ ಸಿಕ್ಕಿದ ಕೂಡಲೇ ಹರಿಹರಕ್ಕೆ ಹೋಗಿ ಅಮ್ಮನನ್ನು ಕೇಳಿದೆ. ಆ ದಿನ ಮಧ್ಯಾಹ್ನ ನಾನು ಎಲ್ಲಿದ್ದೆ ಎಂದು ಹೆತ್ತ ತಾಯಿಯನ್ನು ಕೇಳುವುದು ಹುಚ್ಚೆಂದು ಗೊತ್ತಿತ್ತು. ಅಮ್ಮ ಮೊರದಲ್ಲಿ ಅಕ್ಕಿ ಆರಿಸುತ್ತಿದ್ದಳು.

"ಹೊಳೆ ಮೆಟ್ಟಲ ಮೇಲೆ ಇದ್ದೆ. ತಡ ಆಯ್ತಲ್ಲ ಅಂತ ನಾನೇ ನೋಡೋಕೆ ಬಂದಿದ್ದೆ" ಎಂದಳು. "ಮೇಲೆ ನಿಂತು ಕರೆದೆ. ನೀನು ತಿರುಗಲೇ ಇಲ್ಲ. ಹತ್ರ ಬಂದು ಹೆಗಲು ಮುಟ್ಟಿದೆ, ಆಗಲೂ ಇಲ್ಲ. ಕಣ್ಣು ಬಿಟ್ಕೊಂಡೇ ಕೂತಿದ್ದೆ. ಅಪ್ಪನ್ನ ನೆನೆಸ್ಕೊಂಡು ಕೂತಿದ್ದಾಳೆ, ಇರಲಿ ಅಂತ ವಾಪಸ್ ಬಂದೆ."

ಅಮ್ಮ ಕರೆದದ್ದು ನನಗೆ ಕೇಳಿಸಿರಲಿಲ್ಲ. ಮುಟ್ಟಿದ್ದೂ ತಿಳಿದಿರಲಿಲ್ಲ.

ನೀತಿಶಾಸ್ತ್ರದ ಮೇಷ್ಟ್ರಿಗೆ ಮಾತ್ರ ಎಲ್ಲವನ್ನೂ ಹೇಳಿದೆ. ನಗುತ್ತಾರೆಂದು ಹೆದರಿದ್ದೆ. ಅವರು ನಗಲಿಲ್ಲ. ಮೇಟ್ರನ್ನರ ಹತ್ತಿರ ತಾವೇ ಮಾತಾಡಿ, ಬೇರೆ ವಾರ್ಡಿನಲ್ಲಿ ಕೆಲಸ ಮುಂದುವರಿಸಲು ಒಪ್ಪಿಸಿದರು. "ಇದನ್ನ ಪ್ರಬಂಧದಲ್ಲಿ ಬರೀಬೇಡಿ. ಬರೆದರೆ ಇದಕ್ಕೊಂದು ಅರ್ಥ ಹೇಳಬೇಕಾಗ್ತದೆ. ನಿಮ್ಮ ಹತ್ರ ಇಲ್ಲ, ನನ್ನ ಹತ್ರಾನೂ ಇಲ್ಲ" ಎಂದರು. ನಾನು ಬರೆಯಲಿಲ್ಲ.

ಹಾಲಮ್ಮ ಆಸ್ಪತ್ರೆಯಲ್ಲಿ ಇರಲು ಒಪ್ಪದೆ ಹದಡಿಗೆ ಹೋದರೆಂದು ತಿಳಿಯಿತು. ಒಂದು ಭಾನುವಾರ ಮನಸ್ಸು ತಡೆಯದೆ ಹೋದೆ. ನಾಗಪ್ಪ ಬಾಗಿಲಲ್ಲಿ ಸಿಕ್ಕಿದ. "ಬರ್ರಿ, ಒಳಗೆ ಕೂಡ್ರಿ" ಎಂದು ಪಕ್ಕಕ್ಕೆ ಸರಿದ. ಒಳಗೆ ಕೊಟ್ರಮ್ಮ ತಾಯಿಗೆ ಚಮಚದಲ್ಲಿ ಗಂಜಿ ಕುಡಿಸುತ್ತಿದ್ದಳು. ಹಾಲಮ್ಮ ತೀರಾ ಇಳಿದುಹೋಗಿದ್ದರು. ಗುರುತು ಹಿಡಿದು ಹತ್ತಿರ ಕರೆದರು. ಮಗಳು ಪಾತ್ರೆ ಇಡಲು ಒಳಹೋದಾಗ ಬಾಗಿ ಕೇಳಿದೆ.

"ಹಾಲಮ್ಮಾ, ಸರಿಯಾಗಿ ನೆನಪು ಮಾಡ್ಕೊಳ್ಳಿ. ಅವತ್ತು ಬಂದು ಹೇಳಿದ್ದು ನಾನೇನಾ?"

ಅವರು ನನ್ನ ಕೆನ್ನೆ ಸವರಿ, ಗದ್ದ ಹಿಡಿದು, ಬೆಳಕಿಗೆ ತಿರುಗಿಸಿ ನೋಡಿದರು.

"ನೀನೇ ಅವ್ವ. ಆದ್ರೆ ಅವತ್ತು ನಿನಗೆ ಇಷ್ಟು ಹೆದರಿಕೆ ಇರ್ಲಿಲ್ಲ" ಎಂದರು.

ಅದಾದ ಕೆಲವೇ ದಿನಗಳಲ್ಲಿ ಅವರು ತೀರಿಕೊಂಡರು. ಮಗಳ ತೊಡೆಯ ಮೇಲೆ ಪ್ರಾಣ ಹೋಯಿತಂತೆ.

ಪದವಿ ಬಂತು, ಕೆಲಸ ಬಂತು, ಈಗ ನಿವೃತ್ತಿಯೂ ಆಗಿದೆ. ನಾನು ಯೋಚಿಸದ ಕಾರಣವಿಲ್ಲ. ನನ್ನನ್ನು ಹೋಲುವ ಬೇರೆ ಯಾರೋ ಬಂದಿರಬಹುದು, ಆದರೆ ಆ ಮಾತುಗಳು? ರೋಗದ ಮಂಪರಿನಲ್ಲಿ ಹಾಲಮ್ಮ ಕಂಡ ಕನಸಿರಬಹುದು, ಆದರೆ ಹಸೀನಾಬಿ? ನನಗೇ ಮರೆವಾಗಿ ನಾನೇ ಬಂದು ಹೇಳಿ ಹೋಗಿದ್ದರೆ, ಅಮ್ಮ ಮುಟ್ಟಿದ ಹೆಗಲು ಯಾರದು? ಒಂದು ಕಡೆ ಹೊಲಿದರೆ ಇನ್ನೊಂದು ಕಡೆ ಹರಿಯುತ್ತದೆ. ನರ್ಸಿಂಗ್ ಶಾಲೆಯಲ್ಲಿ ಪಾಠ ಮಾಡುವಾಗ ಹುಡುಗಿಯರು, "ಮೇಡಂ, ನೀವು ಯಾವತ್ತಾದ್ರೂ ರೋಗಿಗೆ ನೇರವಾಗಿ ಹೇಳಿದ್ದೀರಾ?" ಎಂದು ಕೇಳುತ್ತಿದ್ದರು. ಆ ಪ್ರಶ್ನೆಗೆ ನಾನು ಒಂದು ಸಲವೂ ಉತ್ತರ ಕೊಟ್ಟವಳಲ್ಲ.

ಹಾಲಮ್ಮನ ನಂತರವೂ ಎಷ್ಟೋ ಮಂಚಗಳ ಪಕ್ಕ ನಿಂತೆ. ಹೇಳಬೇಕೆಂದು ಹೋದಾಗಲೆಲ್ಲ ನಾಲಿಗೆ ಏಳುತ್ತಿರಲಿಲ್ಲ. ಹಾಗೆ ಹೇಳದೆ ಮನೆಗೆ ಬಂದ ಮರುದಿನ, ವಾರ್ಡಿನೊಳಗೆ ಹೋಗುತ್ತಲೇ ಮೊದಲು ಆ ರೋಗಿಯ ಮುಖ ನೋಡುತ್ತಿದ್ದೆ, ಆ ನೀಲಿ ಸೀರೆಯವಳು ಬಂದು ಹೇಳಿ ಹೋಗಿರಬಹುದೇ ಎಂದು. ಮತ್ತೆಂದೂ ಅವಳು ಬರಲಿಲ್ಲ.