ಷರಾ ಕಾಲಂ

ನಾಗರಾಜಪ್ಪ ಹೊಸನಗರದ ಹೈಸ್ಕೂಲಿನಲ್ಲಿ ನನ್ನ ವಿದ್ಯಾರ್ಥಿಯಾಗಿದ್ದವನು. ಕೇಳಿದರೆ ಮಾತ್ರ ಬಾಯಿ ಬಿಡುತ್ತಿದ್ದ. ಮುಂದೆ ಅವನಿಗೆ ಸಿಕ್ಕಿದ್ದು ಮಾತಾಡುವ ಕೆಲಸವೇ. ಬಸ್ ನಿಲ್ದಾಣದ ಹತ್ತಿರದ ಇನ್ವರ್ಟರ್ ಅಂಗಡಿಯಲ್ಲಿ ಇಪ್ಪತ್ತೆರಡು ವರ್ಷಗಳಿಂದ ಗುಮಾಸ್ತ. ಆರು ತಿಂಗಳಿಗೊಮ್ಮೆ ಪ್ರತಿ ಗಿರಾಕಿಗೂ ಫೋನ್ ಮಾಡಿ, "ಬ್ಯಾಟರಿಗೆ ನೀರು ಹಾಕೋ ಟೈಮ್ ಆತು, ಯಾವತ್ತು ಮನೇಲಿರ್ತೀರಿ?" ಎಂದು ಕೇಳಿ ಮೆಕ್ಯಾನಿಕ್‌ನನ್ನು ಕಳಿಸಬೇಕು. ಅವನು ಮದುವೆಯಾಗಲಿಲ್ಲ, ಅಂಗಡಿಯ ಮೇಲಿನ ಕೋಣೆಯಲ್ಲೇ ವಾಸ. ಆ ಕರೆಗಳನ್ನು ಬಿಟ್ಟರೆ ಅವನೊಡನೆ ಮಾತಾಡುವವರು ಯಾರೂ ಇರಲಿಲ್ಲ.

ಗಿರಾಕಿಗಳ ಪಟ್ಟಿ ನೀಲಿ ಪರದೆಯ ಹಳೆಯ ಕಂಪ್ಯೂಟರಿನಲ್ಲಿತ್ತು. ಪ್ರತಿ ಹೆಸರಿನ ಮುಂದೆ ಒಂದು ಕಾಲಂ, ಮೂವತ್ತೇ ಅಕ್ಷರಕ್ಕೆ ಜಾಗ. ನಾಗರಾಜಪ್ಪ ಅದನ್ನು ‘ಷರಾ’ ಎನ್ನುತ್ತಿದ್ದ. ಮೆಕ್ಯಾನಿಕ್ ಓದಿಕೊಳ್ಳಲೆಂದು ಅಲ್ಲಿ ಇಂಗ್ಲಿಷ್ ಅಕ್ಷರಗಳಲ್ಲಿ ಕನ್ನಡ ತುಂಬುತ್ತಿದ್ದ: ಕಾಲುಸಂಕ ದಾಟಿ ಎಡಕ್ಕೆ. ನಾಯಿ ಬಿಟ್ಟಿರ್ತಾರೆ. ಮಗು ಇದೆ ಬೆಲ್ ಬೇಡ.

ಈ ವರ್ಷ ಆ ಕಂಪ್ಯೂಟರು ಎರಡು ಸಲ ಕೆಟ್ಟಿತು. ರಿಪೇರಿ ಬಲ್ಲವರು ಸಾಗರದಲ್ಲೂ ಸಿಗಲಿಲ್ಲ. ಅಂಗಡಿ ನೋಡಿಕೊಳ್ಳುವ ಮಾಲೀಕರ ಮಗಳು ದೀಪಶ್ರೀ ಹೊಸ ಸಾಫ್ಟ್‌ವೇರ್ ಹಾಕಿಸಿದಳು. ದಿನ ಬಂದಾಗ ಗಿರಾಕಿಗೆ ತಾನೇ ಮೆಸೇಜ್ ಕಳಿಸುತ್ತದೆ, ಮೆಕ್ಯಾನಿಕ್‌ಗೆ ಮೊಬೈಲಿನಲ್ಲಿ ದಾರಿ ತೋರಿಸುತ್ತದೆ.

"ಮಾಮ, ಇನ್ನು ನೀವು ಫೋನ್ ಹಿಡ್ಕೊಂಡು ಕೂಗೋದು ಬ್ಯಾಡ," ಎಂದಳು ದೀಪಶ್ರೀ. ಒಳ್ಳೆಯ ಮನಸ್ಸಿನಿಂದಲೇ ಹೇಳಿದ ಮಾತದು.

ಹೊಸದರಲ್ಲಿ ಷರಾ ಕಾಲಂ ಇರಲಿಲ್ಲ. ಪಟ್ಟಿ ಸಾಗಿಸಿದವರು ಷರಾವನ್ನು ಹೆಸರಿನ ಬಾಲಕ್ಕೇ ಅಂಟಿಸಿಬಿಟ್ಟರು. ಸೋಮವಾರ ಬೆಳಿಗ್ಗೆ ಮುನ್ನೂರು ಮನೆಗಳಿಗೆ ಮೆಸೇಜ್ ಹೋಯಿತು.

ಮಧ್ಯಾಹ್ನ ರಿಪ್ಪನ್‌ಪೇಟೆ ಬಸ್ಸಿನಲ್ಲಿ ಹೂವಮ್ಮನೆಂಬ ಮುದುಕಿ ಬಂದಿಳಿದು ಮೊಬೈಲನ್ನು ನಾಗರಾಜಪ್ಪನ ಮೂಗಿಗೆ ಹಿಡಿದಳು. ಅದರಲ್ಲಿ, ‘ಪ್ರಿಯ ಹೂವಮ್ಮ ಕಿವಿ ಮಂದ ಕೂಗಿ ಕರಿ ಅವರೇ’ ಎಂದಿತ್ತು.

"ಕಂಡಕ್ಟ್ರು ಗಟ್ಟಿಯಾಗಿ ಓದ್ದ. ಬಸ್ಸಿಗೆ ಬಸ್ಸೇ ನಗಾಡ್ತು! ಇದೆಂತ ಮಾರಾಯ, ನಂಗೆ ಹೊಸಾ ಅಡ್ಡೆಸ್ರಾ?"

"ತಪ್ಪಾತು ಹೂವಮ್ಮ. ಅಳಿಸ್ತೀನಿ," ಎಂದು ನಾಗರಾಜಪ್ಪ ಕೂಗಿ ಹೇಳಿದ.

"ಅಳಿಸ್ಬ್ಯಾಡ! ಅದಿಲ್ದಿದ್ರೆ ಆ ಹುಡ್ಗ ಬಾಗ್ಲು ತಟ್ಟಿ ವಾಪಸ್ ಹೋಗ್ತಾನೆ."

ದೀಪಶ್ರೀ ಅಡ್ಡಡ್ಡ ತಲೆಯಾಡಿಸಿದಳು. "ಅಜ್ಜಿ, ಇದ್ರಲ್ಲಿ ಅದಕ್ಕೆ ಜಾಗಾನೇ ಇಲ್ಲ."

ನಾಗರಾಜಪ್ಪ ಎರಡು ದಿನ ಕುಳಿತು ಇಪ್ಪತ್ತೆರಡು ವರ್ಷಗಳ ಷರಾಗಳನ್ನು ಒಂದೊಂದಾಗಿ ಅಳಿಸಿದ.

ನನಗೂ ಆ ಮೆಸೇಜ್ ಬಂದಿತ್ತು. ‘ಪ್ರಿಯ ಮೇಷ್ಟ್ರು ಒಂಟಿ ಕೂತು ಬಾ ಅವರೇ.’ ಇಷ್ಟು ವರ್ಷ ಬಂದ ಮೆಕ್ಯಾನಿಕ್‌ಗಳೆಲ್ಲ ಅರ್ಧ ಗಂಟೆ ಕೂರುತ್ತಿದ್ದುದು ನನ್ನ ಕಾಫಿಯ ರುಚಿಗೆಂದು ನಾನು ತಿಳಿದಿದ್ದೆ. ಆ ಗುರುವಾರ ಬಂದವನು ಹತ್ತು ನಿಮಿಷದಲ್ಲಿ ನೀರು ತುಂಬಿ, ಮೊಬೈಲ್ ಒತ್ತಿ, ಹೊರಟುಹೋದ. ಅಂಗಡಿಗೆ ಫೋನ್ ಮಾಡಿದೆ. ಯಂತ್ರದ ಹೆಣ್ಣುಧ್ವನಿ, ಕನ್ನಡಕ್ಕಾಗಿ ಒಂದನ್ನು ಒತ್ತಿ ಎಂದಿತು.

ಭಾನುವಾರ ಮಧ್ಯಾಹ್ನ ನಾಗರಾಜಪ್ಪನೇ ನೀರಿನ ಕ್ಯಾನ್ ಹಿಡಿದು ಬಾಗಿಲಲ್ಲಿ ನಿಂತಿದ್ದ. ಮೊನ್ನೆಯೇ ತುಂಬಿದ್ದ ಬ್ಯಾಟರಿಯ ಆರೂ ಮುಚ್ಚಳ ತೆರೆದು ನೋಡಿ, ಒಂದು ಹನಿಯೂ ಹಾಕದೆ ಮತ್ತೆ ಮುಚ್ಚಿದ.

"ಮೆಸೇಜ್ ನೋಡಿದ್ರಾ ಸಾರ್?"

"ನೋಡ್ದೆ."

"ಬೇಜಾರಾತಾ?"

"ಮೊದ್ಲು ಆಯ್ತು. ಆಮೇಲೆ, ಸುಳ್ಳೇನು ಬರೆದಿಲ್ವಲ್ಲ ಅನ್ನಿಸ್ತು. ಅದ್ಸರಿ, ನಿನ್ನ ಹೆಸರಿನ ಮುಂದೆ ಏನು ಬರ್ಕೊಂಡಿದ್ಯೋ?"

ಅವನು ಕ್ಯಾನಿನ ಮುಚ್ಚಳವನ್ನು ತಿರುಗಿಸುತ್ತ ನಕ್ಕ. "ನಾನು ಗಿರಾಕಿ ಅಲ್ವಲ್ಲ ಸಾರ್. ಅದ್ರಲ್ಲಿ ನನ್ನ ಹೆಸ್ರೇ ಇರ್ಲಿಲ್ಲ."

ಕಾಫಿಗೆ ನೀರಿಟ್ಟೆ. ಅವನು "ಬರ್ತೀನಿ ಸಾರ್" ಎಂದ, ಆದರೆ ಕುರ್ಚಿಯಿಂದ ಏಳಲಿಲ್ಲ. ಹೊಸನಗರಕ್ಕೆ ಹೋಗುವ ಐದೂವರೆಯ ಬಸ್ಸು ಹಾರ್ನ್ ಹಾಕಿ ಹೋದದ್ದು ಇಬ್ಬರಿಗೂ ಕೇಳಿಸಿತು.